ಎಲ್ಲರೂ ಸೇರಿ ಕಟ್ಟುವ ನಾಟಕ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕ. ಮೊನ್ನೆ ಮನೆಗೆ ಬಂದವನು, "ಸರ್, ಈ ವರ್ಷ ಅಚ್ಚಾದ ನಾಟಕ ಬೇಡ, ವಿದ್ಯಾರ್ಥಿಗಳೇ ಸೇರಿ ಹೊಸದೊಂದನ್ನು ಕಟ್ಟಲಿ ಎಂದುಕೊಂಡಿದ್ದೇನೆ. ಏನು ಹೇಳುತ್ತೀರಿ?" ಎಂದ. ಸಂತೋಷವಾಯಿತು. ಹಳೆಯದೊಂದು ನೋವೂ ನೆನಪಾಯಿತು.

ಇಂತಹ ರಂಗಕಾರ್ಯಕ್ಕೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ನಾಟಕಕಾರ್ತಿ ಕ್ಯಾರಿಲ್ ಚರ್ಚಿಲ್ ಅವರ 'ಮ್ಯಾಡ್ ಫಾರೆಸ್ಟ್'. 1989ರ ಡಿಸೆಂಬರಿನಲ್ಲಿ ರುಮೇನಿಯಾದ ಚೌಶೆಸ್ಕು ಆಡಳಿತ ಕುಸಿಯಿತು. 1990ರಲ್ಲಿ ಆಕೆ ನಿರ್ದೇಶಕ ಮಾರ್ಕ್ ವಿಂಗ್-ಡೇವಿ ಹಾಗೂ ಲಂಡನ್ನಿನ ಸೆಂಟ್ರಲ್ ಸ್ಕೂಲಿನ ವಿದ್ಯಾರ್ಥಿಗಳೊಡನೆ ಬುಕಾರೆಸ್ಟಿಗೆ ಹೋದರು. ಅಲ್ಲಿಯ ರಂಗವಿದ್ಯಾರ್ಥಿಗಳೊಡನೆ ಬೆರೆತು, ಜನರನ್ನು ಮಾತನಾಡಿಸಿದರು. ನಾಟಕದ ನಡುವಣ ಭಾಗದಲ್ಲಿ ಚಿತ್ರಕಾರ, ಹೂ ಮಾರುವವಳು, ಬುಲ್ಡೋಜರ್ ಚಾಲಕ ಮೊದಲಾದವರು ತಾವು ಕಂಡದ್ದನ್ನು ಹೇಳುತ್ತಾರೆ. ಬರೆದವರು ಒಬ್ಬರು, ಕಿವಿಗೊಟ್ಟವರು ಹಲವರು.

ಅದು ಇಡೀ ದೇಶ ಕಂಡ ಘಟನೆ. ನಮ್ಮ ವಿದ್ಯಾರ್ಥಿಗಳು ತರುವುದು ಬಹುಮಟ್ಟಿಗೆ ಮನೆಯೊಳಗಿನ ಕಥೆಗಳನ್ನು. ಆ ಕಥೆಗೆ ಸಂಬಂಧಪಟ್ಟವರು ಪ್ರೇಕ್ಷಕರ ಸಾಲಿನಲ್ಲೇ ಕುಳಿತಿರಬಹುದು.

ನಿವೃತ್ತಿಯ ನಂತರ ನಾನೂ ಸ್ನಾತಕೋತ್ತರ ವಿದ್ಯಾರ್ಥಿಗಳೊಡನೆ ಹೀಗೊಂದು ನಾಟಕ ಕಟ್ಟಿದ್ದೆ. ಪ್ರತಿ ಸಂಜೆ ಒಬ್ಬರು ತಮ್ಮ ಅನುಭವ ಹೇಳುವುದು, ಉಳಿದವರು ಅದನ್ನು ಅಭಿನಯಿಸುವುದು, ನಾನು ಬರೆದುಕೊಂಡು ಹೆಣೆಯುವುದು. ಒಬ್ಬ ಹುಡುಗಿ ತನ್ನ ತಾಯಿ ಪಟ್ಟ ಕಷ್ಟವೊಂದನ್ನು ಹೇಳಿದಳು. ಅದೇನೆಂದು ಇಲ್ಲಿ ಬರೆಯಲಾರೆ. ಒಮ್ಮೆ ಮಾಡಿದ ತಪ್ಪೇ ಸಾಕು. ಪ್ರದರ್ಶನಕ್ಕೆ ಎರಡು ದಿನವಿದ್ದಾಗ, "ಸರ್, ಅಮ್ಮ ನೋಡಲು ಬರುತ್ತಾರಂತೆ. ಆ ದೃಶ್ಯ ತೆಗೆಯೋಣವೇ?" ಎಂದು ಕೇಳಿದಳು. "ಅದೇ ನಾಟಕದ ಜೀವಾಳ ಕಣಮ್ಮಾ" ಎಂದೆ. ಅವಳು ಮರುಮಾತನಾಡಲಿಲ್ಲ.

ಆ ದೃಶ್ಯಕ್ಕೆ ಜೋರಾಗಿ ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿದ್ದ ಆ ತಾಯಿ ತಗ್ಗಿಸಿದ ತಲೆಯನ್ನು ಎತ್ತಲಿಲ್ಲ. ಹುಡುಗಿ ಮತ್ತೆ ತಂಡದ ಕಡೆ ಬರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಸೇರಿ ಕಟ್ಟುವುದು ಎಂದರೆ ಬೇಡವೆನ್ನುವ ಹಕ್ಕೂ ಎಲ್ಲರಿಗೂ ಸೇರಿದ್ದು. ತೆರೆ ಏಳುವ ಕ್ಷಣದವರೆಗೂ ಹೇಳಿದವರು ತಮ್ಮ ಕಥೆಯನ್ನು ಹಿಂಪಡೆಯಬಹುದೆಂದು ಮೊದಲ ದಿನವೇ ತಿಳಿಸಬೇಕು. ಗುರುವಿನ ಮುಂದೆ ಶಿಷ್ಯರ ಮೌನ ಒಪ್ಪಿಗೆಯಲ್ಲ. ಸತ್ಯಘಟನೆ ತೆಗೆದರೆ ನಾಟಕ ಸೊರಗುತ್ತದೆ ಎನ್ನುವವರುಂಟು. ನಾನೂ ಹಾಗೆಯೇ ನಂಬಿದ್ದೆ. ಆದರೆ ಹತ್ತು ಮಂದಿ ತರುಣರು ಕುಳಿತು ಯೋಚಿಸಿದರೆ ಬೇರೊಂದು ದೃಶ್ಯ ಹುಟ್ಟದೇ ಇರದು. ಅವರ ಕಲ್ಪನೆಗೆ ಆ ಅವಕಾಶವನ್ನು ನಾನು ಕೊಡಲೇ ಇಲ್ಲ.

ಅಧ್ಯಾಪಕ ಮಿತ್ರನಿಗೆ ಇದನ್ನೇ ಹೇಳಿ ಕಳುಹಿಸಿದೆ. ಆ ಹುಡುಗಿ ಈ ಬರಹವನ್ನು ಓದುತ್ತಿದ್ದರೆ ಒಂದು ಮಾತು: ನಿನ್ನ ತಾಯಿಯವರಿಗೆ ನನ್ನ ಕ್ಷಮಾಪಣೆಯನ್ನು ತಿಳಿಸಮ್ಮಾ.