ನಮ್ಮ ಮೆಚ್ಚಿನ ಚಿತ್ರಗಳು: 1987

ಹಡರ್ಸ್‌ಫೀಲ್ಡ್‌ನ ಚಳಿಗೆ ಬಾಗಿಲು ಹಾಕಿ, ಬಿಸಿ ಬೋಂಡಾ ಮುಗಿಸಿ, ನಾವು ಕೆಲವು ಮನೆಯವರು 1987ರ ಕನ್ನಡ ಚಿತ್ರಗಳಿಗೆ ಕ್ರಮಾಂಕ ಕೊಡಲು ಕುಳಿತೆವು.

ಮೂರನೆಯದು ಶಂಕರ್‌ನಾಗ್ ನಿರ್ದೇಶನದ, ರಾಜ್‌ಕುಮಾರ್ ಅಭಿನಯದ ‘ಒಂದು ಮುತ್ತಿನ ಕಥೆ’. ಮುತ್ತು ಸಿಕ್ಕವನ ನೆಮ್ಮದಿ ಹೋದ ಕಥೆ. ದುಡಿಯಲು ಊರು ಬಿಟ್ಟು ಬಂದ ನಮಗೆ ಚೆನ್ನಾಗಿ ನಾಟಿತು.

ಎರಡನೆಯದು ರವಿಚಂದ್ರನ್ ಅವರ ‘ಪ್ರೇಮಲೋಕ’. ಹಂಸಲೇಖರ ಹಾಡುಗಳು ಇಂದಿಗೂ ನಮ್ಮ ಬಾಯಲ್ಲಿವೆ.

ಮೊದಲನೆಯದು ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’. ಮೊಮ್ಮಕ್ಕಳ ಮತವೆಲ್ಲ ಅದಕ್ಕೇ! ಮಾತೇ ಇಲ್ಲದ ಚಿತ್ರ, “ಅಜ್ಜೀ, ಏನಂದ?” ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಒಟ್ಟಿಗೆ ನಕ್ಕೆವು.

ಆಮೇಲೆ ಮನಸ್ಸು ಚುರ್ರೆಂದಿತು. ಚಿತ್ರವೇನೋ ಉತ್ತಮವೇ. ಆದರೆ ಮನೆಯಲ್ಲಿ ನಾವು ಕನ್ನಡ ಆಡುವುದು ಕಡಿಮೆಯಾದದ್ದರಿಂದಲೂ ಅದು ಗೆದ್ದಿತಲ್ಲವೇ? ಮುಂದಿನ ಸಲ ‘ಮುತ್ತಿನ ಕಥೆ’ಯನ್ನೇ ಹಾಕೋಣ, ನಡುನಡುವೆ ನಿಲ್ಲಿಸಿ ಮಕ್ಕಳಿಗೆ ಅರ್ಥ ಹೇಳೋಣ. ಹೊತ್ತಾದರೆ ಆಗಲಿ, ಊಟ ಹೇಗೂ ಇದ್ದೇ ಇರುತ್ತದೆ.