ಫೋನ್ ಸಾಕು ಅನ್ನೋ ಸ್ನೇಹಿತರಿಗೆ



ಉದ್ದದ ಪೋಸ್ಟ್ ಇದು, ಪುರುಸೊತ್ತು ಮಾಡ್ಕೊಂಡು ಓದಿ. ಲ್ಯಾಪ್‌ಟಾಪ್ ಕೊಳ್ಳೋಕೆ ಹೊರಟಿರೋರು ನನ್ನ ಸಿಟ್ಟೆಲ್ಲ ಬಿಟ್ಟು ಕೆಳಗಿನ ಅರ್ಧ ಓದಿದ್ರೂ ಬೇಜಾರಿಲ್ಲ.

ಹೋದ ತಿಂಗಳು ಒಂದು ಗ್ರೂಪಲ್ಲಿ ನಾನು ಕೇಳಿದ್ದು ಇಷ್ಟೇ: 20 ಸಾವಿರದೊಳಗೆ ಮನೆಬಳಕೆಗೆ ಆಗೋ ಲ್ಯಾಪ್‌ಟಾಪ್ ಯಾವುದು, ಗೊತ್ತಿರೋರು ಹೇಳಿ. ಅದಕ್ಕೆ ಒಬ್ಬ ಪ್ರಗತಿಪರ ಗೆಳೆಯರು, ವೇದಿಕೆ ಮೇಲೆ ಬಾಬಾಸಾಹೇಬರ ಬಗ್ಗೆ ಒಂದೊಂದು ಗಂಟೆ ಮಾತಾಡೋರು, ಬರೆದ ಉತ್ತರ ನೋಡಿ: 'ಹಟ್ಟಿ ಮನೆಗೆ ಲ್ಯಾಪ್‌ಟಾಪ್ ಯಾಕೆ ಸಾರ್, ಈಗ ಎಲ್ಲಾ ಫೋನಲ್ಲೇ ಆಗುತ್ತಲ್ಲ.' ಕೆಳಗೆ 14 ಜನ ಹೆಬ್ಬೆಟ್ಟು ಒತ್ತಿದ್ರು. ಹೌದು, ಹೆಬ್ಬೆಟ್ಟೇ. ನಮ್ಮಜ್ಜ ಒತ್ತಿದ್ದೂ ಅದನ್ನೇ, ಸಾಹುಕಾರನ ಬಾಂಡ್ ಪೇಪರ್ ಮೇಲೆ.

ಸ್ವಾಮಿ, ನಿಮ್ಮ ಮನೆಯಲ್ಲಿ ಎಷ್ಟು ಲ್ಯಾಪ್‌ಟಾಪ್ ಅದಾವೆ? ನಿಮ್ಮದೊಂದು, ಮೇಡಮ್ಮರದ್ದೊಂದು, ಇಂಜಿನಿಯರಿಂಗ್ ಓದೋ ಮಗನದೊಂದು. ನಿಮ್ಮ ಮಗನಿಗೆ ಯಾಕೆ ಫೋನ್ ಸಾಕಾಗಲಿಲ್ಲ?

ಯಾಕೆ ಕೇಳ್ದೆ ಅಂತ ಹೇಳ್ತೀನಿ. ನಮ್ಮೂರು ಜಟಿಂಗ ರಾಮೇಶ್ವರ ಬೆಟ್ಟದ ಕೆಳಗೆ. ನಮ್ಮಕ್ಕ ಶೇಂಗಾ ಕೀಳೋ ಕಾಲದಲ್ಲಿ ಕೂಲಿಗೆ ಹೋಗ್ತಾಳೆ, ಮಿಕ್ಕ ದಿನ ಉದ್ಯೋಗ ಖಾತ್ರಿ. ಮಗಳು ಚಳ್ಳಕೆರೆಗೆ ಬಸ್ಸಲ್ಲಿ ಹೋಗಿ ಡಿಗ್ರಿ ಓದ್ತಾಳೆ. ಮೊದಲ ವರ್ಷ ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಸೈಬರ್ ಅಂಗಡಿಗೆ ಹೋದ್ಲು. 200 ರೂಪಾಯಿ ತಗೊಂಡ. ಅರ್ಜಿ ಹೋಯ್ತು, ದುಡ್ಡೂ ಬಂತು. ಎರಡನೇ ವರ್ಷ ಲಾಗಿನ್ ಆಗೋಕೆ ಹೋದ್ರೆ ಓಟಿಪಿ ಬರ್ತಾ ಇಲ್ಲ. ಯಾಕಂದ್ರೆ ಆ ಪುಣ್ಯಾತ್ಮ ಬೇಗ ಮುಗೀಲಿ ಅಂತ ತನ್ನದೇ ಮೊಬೈಲ್ ನಂಬರ್ ಹಾಕಿದ್ದ. ಈಗ ಅಂಗಡಿ ಮುಚ್ಚಿ ಬೇರೆ ಊರಿಗೆ ಹೋಗವ್ನೆ. ಆ ನಂಬರ್ ಸ್ವಿಚ್ ಆಫ್. ಕಾಲೇಜು, ತಾಲ್ಲೂಕು ಆಫೀಸು, ಹೆಲ್ಪ್‌ಲೈನು ಅಂತ ಹುಡುಗಿ ಅಲೆದು ಅಲೆದು ನಂಬರ್ ಬದಲಾಯಿಸೋ ಹೊತ್ತಿಗೆ ಕೊನೇ ದಿನಾಂಕ ಮುಗಿದಿತ್ತು. ಆ ವರ್ಷದ ದುಡ್ಡು ಹೋಯ್ತು.

'ಫೋನಲ್ಲೇ ಹಾಕ್ಬೋದಿತ್ತಲ್ಲ?' ಹಾಕಿ ನೋಡಿ. ಬೆರಳಗಲದ ಪರದೆಯಲ್ಲಿ ಪೋರ್ಟಲ್ ತೆಗೀರಿ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ನೋಡ್ಕೊಂಡು ಬರೋಕೆ ಇನ್ನೊಂದು ಪುಟಕ್ಕೆ ಹೋಗಿ ವಾಪಸ್ ಬನ್ನಿ, ಸೆಶನ್ ಎಕ್ಸ್‌ಪೈರ್ ಆಗಿರುತ್ತೆ. ಮಾರ್ಕ್ಸ್ ಕಾರ್ಡಿನ ಪಿಡಿಎಫ್ ಸೈಜ್ ಜಾಸ್ತಿ ಆಯ್ತು ಅಂತ ಬೈಸ್ಕೊಳ್ಳಿ. ಆಮೇಲೆ ಮಾತಾಡೋಣ.

ಸ್ಕಾಲರ್‌ಶಿಪ್ ಒಂದೇ ಆಗಿದ್ರೆ ನಾನು ಇಷ್ಟು ಕೂಗಾಡ್ತಿರಲಿಲ್ಲ. ಇನ್ನೊಂದು ಕೇಳಿ. ಎರಡು ವರ್ಷದ ಹಿಂದೆ ಒಂದು ಊರಲ್ಲಿ ನಮ್ಮ ಹುಡುಗನಿಗೆ ಹೋಟ್ಲು ಮುಂದೆ ಜನರ ಎದುರೇ ಜಾತಿ ಹಿಡಿದು ಬೈದು ಹೊಡೆದ್ರು. ಅವರಪ್ಪ ಓದಿಲ್ಲ. ಠಾಣೆ ಹತ್ರ ಟೈಪಿಂಗ್ ಮಾಡೋನ ಮುಂದೆ ಕೂತು ನಡೆದಿದ್ದೆಲ್ಲ ಹೇಳಿದ. ಟೈಪ್ ಮಾಡೋನು ಬರೆದಿದ್ದು ಏನು ಗೊತ್ತಾ? 'ಅವಾಚ್ಯ ಶಬ್ದಗಳಿಂದ ನಿಂದಿಸಿದರು.' ಮುಗೀತು! ಯಾವ ಶಬ್ದ, ಯಾವ ಜಾತಿ, ಎದುರಿಗೆ ಯಾರ್ಯಾರಿದ್ರು, ಒಂದೂ ಇಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 3(1)(ಎಸ್) ಏನ್ ಕೇಳುತ್ತೆ? ಜಾತಿ ಹೆಸರು ಹಿಡಿದು ಬೈದಿರಬೇಕು, ಅದು ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಆಗಿರಬೇಕು. ಆ ಎರಡೇ ಮಾತು ದೂರಿನಿಂದ ಜಾರಿ ಹೋಗಿದ್ವು. ಬೇಕಂತ ಮಾಡಿದ್ನೋ, ಅಭ್ಯಾಸಬಲವೋ, ನನಗೆ ಬೇಕಾಗಿಲ್ಲ. ಆ ಬರಹ ನಮ್ಮ ಕೈಲಿರಲಿಲ್ಲ, ಅಷ್ಟೇ. ಆಮೇಲೆ ನಾವು ಹೇಳಿಕೆ ಸೇರಿಸೋಕೆ ಪಟ್ಟ ಪಾಡು ಆ ಅಪ್ಪನಿಗೂ ನನಗೂ ಗೊತ್ತು.

ಅವತ್ತಿಂದ ನನ್ನ ತಲೆಯಲ್ಲಿ ಒಂದು ಕೂತುಬಿಟ್ಟಿದೆ. ಫೋನು ನೋಡೋಕೆ, ಲ್ಯಾಪ್‌ಟಾಪು ಬರೆಯೋಕೆ. ನಮ್ಮ ಹುಡುಗರ ಕೈಗೆ ನೋಡೋ ಯಂತ್ರ ಧಾರಾಳವಾಗಿ ಬಂದಿದೆ, ಅದರಲ್ಲಿ ದಿನಕ್ಕೆ ನೂರು ರೀಲ್ಸ್ ನೋಡ್ಲಿ ಅಂತ ಡೇಟಾನೂ ಕೊಡ್ತಾರೆ. ಬರೆಯೋ ಯಂತ್ರ ಮಾತ್ರ ಬಂದಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆ ನೂರಕ್ಕೆ 4.4, ಪಟ್ಟಣದಲ್ಲಿ 23.4. ಹಳ್ಳಿಯ ಆ ನಾಲ್ಕು ಮನೆ ಊರ ಯಾವ ದಿಕ್ಕಲ್ಲಿರುತ್ತೆ ಅಂತ ನಾನು ಹೇಳ್ಬೇಕಾ? ಬಾಬಾಸಾಹೇಬರು 1920ರ ಜನವರಿ 31ಕ್ಕೆ 'ಮೂಕನಾಯಕ' ತಂದಾಗಲೂ ದೇಶದಲ್ಲಿ ಪತ್ರಿಕೆಗಳಿಗೆ ಬರ ಇರಲಿಲ್ಲ. ಇದ್ದ ಪತ್ರಿಕೆ ಓದ್ಕೊಂಡು ಇರಿ ಅಂತ ಅವರಿಗೂ ಹೇಳೋರಿದ್ರು.

ಇನ್ನು ನಮ್ಮ ಸೀಮೆ ಕಥೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಶಾಸನ ಇರೋದು 1892ರಲ್ಲಿ ಬಿ.ಎಲ್. ರೈಸ್ ಅವರಿಂದ ಲೋಕಕ್ಕೆ ಗೊತ್ತಾಯ್ತು. ಬ್ರಹ್ಮಗಿರಿ ಬಂಡೆಗೆ ಜನ ಅಕ್ಷರಗುಂಡು ಅಂತಿದ್ರು. ನಮ್ಮ ಬೆಟ್ಟದ ಬಂಡೆಗೆ ಬಳೆಗಾರರ ಗುಂಡು, ಜಾತ್ರೆಯಲ್ಲಿ ಬಳೆ ಮಾರೋರು ಅಲ್ಲಿ ಅಂಗಡಿ ಹಾಕ್ತಿದ್ರು ಅಂತ. ಅಕ್ಷರ ಸವೆದು ಹೋಗಿದೆ. ಆ ಶಾಸನದ ತಿರುಳು ಏನಂದ್ರೆ, ಮೇಲಕ್ಕೇರೋದು ದೊಡ್ಡವರಿಗೆ ಮಾತ್ರ ಸಾಧ್ಯ ಅಂತಲ್ಲ, ಪ್ರಯತ್ನಪಟ್ರೆ ಸಣ್ಣವರಿಗೂ ಸಾಧ್ಯ ಅನ್ನೋದು. ಬರೆದವನು ಚಪಡ ಅನ್ನೋ ಲಿಪಿಕಾರ. ತಾನು ಲಿಪಿಕಾರ ಅನ್ನೋ ಮಾತನ್ನ ಮಾತ್ರ ಆತ ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ಕೆತ್ತವ್ನೆ. ಕೂಲಿ ಬರಹಗಾರನೇ ಇರಬಹುದು, ಆದ್ರೂ ರಾಜನ ಮಾತಿನ ಕೆಳಗೆ ತನ್ನ ಹೆಸರು ಬಿಟ್ಟು ಹೋಗವ್ನೆ.

ಅದೇ ಸೀಮೆಯಲ್ಲಿ ಈಗ ವಿಜ್ಞಾನ ನಗರ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ದನ ಕುರಿ ಮೇಯ್ತಿದ್ದ ಸುಮಾರು 10 ಸಾವಿರ ಎಕರೆ ಡಿಆರ್‌ಡಿಓ, ಐಐಎಸ್‌ಸಿ, ಬಾರ್ಕ್, ಇಸ್ರೋ ಅಂತ ಬೇಲಿಯೊಳಗೆ ಹೋಯ್ತು. ಉಳ್ಳಾರ್ತಿ ಕಾವಲಲ್ಲಿ ಚಂದ್ರನ ಮೇಲಿನ ಥರ ಕುಳಿ ತೋಡಿ ಚಂದ್ರಯಾನದ ಲ್ಯಾಂಡರ್ ಸೆನ್ಸಾರ್ ಪರೀಕ್ಷೆ ಮಾಡಿದ್ರು. ಬ್ಯಾಡ ಅನ್ನಲ್ಲ, ನಾವೂ ಚಪ್ಪಾಳೆ ಹೊಡೆದಿದ್ದೀವಿ. ಆದ್ರೆ ಆ ಬೇಲಿ ಪಕ್ಕದ ಎ.ಕೆ. ಕಾಲೋನಿಯಲ್ಲಿ ಒಂದು ಅರ್ಜಿ ಹಾಕೋಕೆ ಹುಡುಗಿ ಬಸ್ ಹತ್ತಬೇಕು.

ಸರ್ಕಾರ ಕೊಡಲ್ವಾ ಅಂತೀರಿ. ಕೊಟ್ಟಿದೆ. 2016-17ರ ಹೊತ್ತಿಂದ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಅಂತ ಘೋಷಣೆ, ಟೆಂಡರ್, ಟೆಂಡರ್ ಗಲಾಟೆ, ಒಂದಷ್ಟು ವರ್ಷ ಹಂಚಿದ್ದು, ಒಂದಷ್ಟು ವರ್ಷ ಹಂಚದೇ ಇದ್ದದ್ದು. ಯಾವ ವರ್ಷ ಹುಟ್ಟಿದ್ದೆ, ಯಾವ ವರ್ಷ ಡಿಗ್ರಿ ಸೇರಿದೆ ಅನ್ನೋದರ ಮೇಲೆ ಅದೃಷ್ಟ. 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು, ಜನಸಂಖ್ಯೆಗೆ ತಕ್ಕಂತೆ ದುಡ್ಡು ಇಡಬೇಕು ಅಂತ. 2023-24ರಲ್ಲಿ ಆ ಲೆಕ್ಕದ ಸುಮಾರು 11 ಸಾವಿರ ಕೋಟಿಯನ್ನ ಗ್ಯಾರಂಟಿಗಳಿಗೆ ತೋರಿಸಿದ್ರು. ಅದರ ಬಗ್ಗೆ ನಾವೆಲ್ಲ ಬೇಕಾದಷ್ಟು ಬರೆದಾಗಿದೆ. ಆ ಜಗಳ ಬಿಡಬಾರದು, ಆದ್ರೆ ಅದು ಮುಗಿಯೋವರೆಗೆ ನಮ್ಮಕ್ಕನ ಮಗಳು ಕಾಯೋಕಾಗಲ್ಲ.

ಹಂಗಾಗಿ ಅಕ್ಕ ಸಂಘದಲ್ಲಿ 20 ಸಾವಿರ ಸಾಲ ಎತ್ತಿದ್ಲು. 'ತಮ್ಮಾ, ನಿಂಗೆ ಗೊತ್ತಾಗುತ್ತೆ, ಮೋಸ ಹೋಗದಂಗೆ ನೋಡಿ ತಾ' ಅಂದ್ಲು. ನಂಗೂ ಏನೂ ಗೊತ್ತಿರಲಿಲ್ಲ. ಮೂರು ವಾರ ಕಲಿತೆ.

ಮೊದಲು ಹೋದದ್ದು ಬಳ್ಳಾರಿಯ ಒಂದು ಅಂಗಡಿಗೆ. ಹೊಸ ಡಬ್ಬಿ, ಫಳಫಳ ಹೊಳೀತಿತ್ತು, 18 ಸಾವಿರ. ಸೆಲರಾನ್ ಪ್ರೊಸೆಸರ್, 4 ಜಿಬಿ ರ್ಯಾಮ್, 64 ಜಿಬಿ ಇಎಂಎಂಸಿ. 'ನಿಮಗೆ ಇದು ಸಾಕು ಸಾರ್' ಅಂದ. ಆ 'ನಿಮಗೆ' ಅನ್ನೋದು ನನ್ನ ಕಿವಿಗೆ ಚುಚ್ಚಿತು. ವಿಂಡೋಸೇ ಆ 64ರಲ್ಲಿ ಅರ್ಧದ ಹತ್ರ ತಿನ್ನುತ್ತೆ, ಒಂದೆರಡು ಅಪ್‌ಡೇಟ್ ಬಂದ್ರೆ ಜಾಗ ಖಾಲಿ. ರ್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತೆ, ಆಮೇಲೆ ಹೆಚ್ಚಿಸ್ತೀನಿ ಅಂದ್ರೂ ಆಗಲ್ಲ. ಬ್ರೌಸರಲ್ಲಿ ನಾಲ್ಕು ಪುಟ ತೆಗೆದು ಪಕ್ಕದಲ್ಲಿ ವರ್ಡ್ ತೆಗೆದ್ರೆ ತಿಣುಕುತ್ತೆ. ಬಡವರಿಗೆ ಅಂತಲೇ ಬೇರೆ ಕಂಪ್ಯೂಟರ್ ಮಾಡೋ ಚಟ ಈ ದೇಶದಲ್ಲಿ ಹಳೇದು. ಬೆಂಗಳೂರಲ್ಲೇ ಹುಟ್ಟಿದ ಸಿಂಪ್ಯೂಟರ್, 2011ರಲ್ಲಿ ದೆಹಲಿಯಲ್ಲಿ ಬಿಡುಗಡೆಯಾದ ಆಕಾಶ್ ಟ್ಯಾಬ್ಲೆಟ್, ಈಗ ಎಲ್ಲಿವೆ? ಮಾಡಿದೋರ ಉದ್ದೇಶ ಒಳ್ಳೇದೇ ಇತ್ತು ಅನ್ಕೊಳ್ಳೋಣ. ಆದ್ರೆ ಹೋಟ್ಲಲ್ಲಿ ನಮಗೆ ಅಂತ ಬೇರೆ ಲೋಟ, ತೆಂಗಿನ ಚಿಪ್ಪು ಇಟ್ಟಿದ್ದನ್ನ ಕಂಡ ಜನ ನಾವು. ಬೇರೆ ಲೋಟ ಎಲ್ಲೇ ಇಟ್ರೂ ವಾಸನೆ ಬರುತ್ತೆ.

ಎರಡನೇ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್. 13 ಸಾವಿರ, ಮೇಲೆ ದೊಡ್ಡದಾಗಿ 'ಐ5' ಸ್ಟಿಕ್ಕರು. ಇಲ್ಲಿ ಎಚ್ಚರ ಕಣ್ರಪ್ಪ. ಐ5 ಅನ್ನೋದು ಮನೆತನದ ಹೆಸರು, ವಯಸ್ಸು ಅದರ ಮುಂದಿನ ನಂಬರಲ್ಲಿರುತ್ತೆ. ಐ5-6300ಯು ಅಂದ್ರೆ 6ನೇ ಜನರೇಶನ್, 2015ರ ಸರಕು. ಐ5-8350ಯು ಅಂದ್ರೆ 8ನೇದು, ಐ5-10210ಯು ಅಂದ್ರೆ 10ನೇದು. ಯಾಕೆ ಮುಖ್ಯ ಅಂದ್ರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರು 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದ್ರು. ವಿಂಡೋಸ್ 11 ಸರಿಯಾಗಿ ಕೂರಬೇಕಂದ್ರೆ ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಶನ್‌ನಿಂದ ಈಚೆಗಿನದು ಬೇಕು. ದೊಡ್ಡ ಕಂಪನಿಗಳು 6, 7ನೇ ಜನರೇಶನ್ ಮಷೀನುಗಳನ್ನ ಗುಡ್ಡೆಗುಡ್ಡೆ ಹೊರಗೆ ಹಾಕ್ತಿವೆ, ಅವೇ ನಮ್ಮ ತಾಲ್ಲೂಕು ಅಂಗಡಿಗೆ ಬರ್ತಿರೋದು. ಅಡ್ಡದಾರೀಲಿ ವಿಂಡೋಸ್ 11 ಹಾಕಿ ಕೊಡ್ತಾರೆ. ಓಡುತ್ತೆ, ಆದ್ರೆ ಮುಂದೆ ಅಪ್‌ಡೇಟ್ ಬರೋ ಖಾತ್ರಿ ಇಲ್ಲ. ಬ್ಯಾಂಕ್, ಆಧಾರ್ ಎಲ್ಲಾ ಅದರಲ್ಲೇ ತೆಗೆಯೋ ಮನೆಗೆ ಅದು ಬ್ಯಾಡ.

ಆ ಹಳೇ ಮಷೀನುಗಳನ್ನೇ 'ದಾನ' ಅಂತ ಹಾಸ್ಟೆಲ್ಲಿಗೆ ತಂದು, ಹುಡುಗರನ್ನ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸೋರೂ ಅದಾರೆ. ಅಂಥದ್ದು ಬಂದ್ರೆ ಎಸೀಬೇಡಿ. ಒಂದು ಎಸ್‌ಎಸ್‌ಡಿ ಹಾಕ್ಸಿ, ಲಿನಕ್ಸ್ ಮಿಂಟ್ ಹಾಕ್ಸಿ. ಪುಕ್ಕಟೆ, ಕನ್ನಡ ಚೆನ್ನಾಗಿ ಬರುತ್ತೆ, ಲಿಬ್ರೆಆಫೀಸಲ್ಲಿ ಅರ್ಜಿ ಬರೀಬೋದು. ಲಿನಕ್ಸ್ ಬಿಟ್ಟರೆ ಬೇರೆ ಇಲ್ಲ ಅನ್ನೋ ಪೈಕಿ ನಾನಲ್ಲ. ಕಾಲೇಜಿನವರು ವರ್ಡ್ ಫೈಲೇ ಬೇಕು ಅಂತಾರೆ, ಕೆಲವು ಪ್ರಿಂಟರ್ ಕಿರಿಕಿರಿ ಮಾಡುತ್ತೆ. ಆದ್ರೂ ಸತ್ತ ಮಷೀನಿಗೆ ಜೀವ ಬರುತ್ತಲ್ಲ.

ಕೊನೆಗೆ ನಾವು ತಗೊಂಡಿದ್ದು ಬೆಂಗಳೂರಿನ ಎಸ್‌.ಪಿ. ರೋಡಲ್ಲಿ. ಕಂಪನಿಗಳು ವಾಪಸ್ ಕೊಟ್ಟ ಥಿಂಕ್‌ಪ್ಯಾಡ್, 8ನೇ ಜನರೇಶನ್ ಐ5, 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ. 19,500 ರೂಪಾಯಿ, ಆರು ತಿಂಗಳ ವಾರಂಟಿ, ಜಿಎಸ್‌ಟಿ ಬಿಲ್ಲು. ಬಿಲ್ ಬ್ಯಾಡ ಅಂದ್ರೆ ಸಾವಿರ ಕಮ್ಮಿ ಮಾಡ್ತೀನಿ ಅಂದ. ಬಿಲ್ಲೇ ಬೇಕು ಅಂದ್ವಿ. ಅಂಗಡಿಯಲ್ಲೇ ಕೂತು ಒಂದೊಂದು ಕೀ ಒತ್ತಿ ನೋಡಿದ್ವಿ, ಮುಚ್ಚಳದ ಹಿಂಜು ಸಡಿಲ ಐತಾ ನೋಡಿದ್ವಿ, ಕ್ಯಾಮೆರಾ, ವೈಫೈ, ಯುಎಸ್‌ಬಿ ತೂತು ಎಲ್ಲಾ. ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದರಲ್ಲಿ ಎಷ್ಟಿತ್ತು, ಈಗ ಫುಲ್ ಚಾರ್ಜ್ ಎಷ್ಟು ಅಂತ ಹೋಲಿಸಿದ್ವಿ. ಮೊದಲು ತೋರಿಸಿದ್ದು ಅರ್ಧಕ್ಕಿಂತ ಕಮ್ಮಿ ಇತ್ತು, ಬೇರೆ ಮಷೀನ್ ಕೊಟ್ಟ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಅದಕ್ಕೇ ಡೆಸ್ಕ್‌ಟಾಪ್ ಅಗ್ಗ ಆದ್ರೂ ಬ್ಯಾಡ ಅಂದದ್ದು. ಮತ್ತೆ ಒಂದೇ ಕೋಣೆ ಮನೆಯಲ್ಲಿ ಟೇಬಲ್ ಎಲ್ಲಿ ಹಾಕ್ತೀರಿ? ಲ್ಯಾಪ್‌ಟಾಪ್ ಆದ್ರೆ ಮಡಚಿ ಟ್ರಂಕಲ್ಲಿಡ್ತಾಳೆ.

ಹೊಸದೇ ಬೇಕು, ಕೈಲಿ ದುಡ್ಡೈತೆ ಅನ್ನೋರು ಐ3 12ನೇ ಜನರೇಶನ್ ಅಥವಾ ರೈಝೆನ್ 3 ನೋಡಿ, 8 ಜಿಬಿಗೆ ಕಮ್ಮಿ ಬ್ಯಾಡವೇ ಬ್ಯಾಡ. ನಾನು ವಿಚಾರಿಸಿದಾಗ 30ರಿಂದ 35 ಸಾವಿರದ ಒಳಗಿತ್ತು. ಎಐ ಡೇಟಾ ಸೆಂಟರುಗಳ ದೆಸೆಯಿಂದ ರ್ಯಾಮ್ ರೇಟು ಏರ್ತಿದೆ, ಈಗ ಇನ್ನೊಮ್ಮೆ ಕೇಳಿ. ಜೀರೋ ಪರ್ಸೆಂಟ್ ಇಎಂಐ ಅಂದ್ರೆ ಪ್ರೊಸೆಸಿಂಗ್ ಫೀಸ್ ಎಷ್ಟು, ನಗದು ಕೊಟ್ರೆ ಎಷ್ಟು, ಎರಡೂ ಕೇಳಿ ಕೂಡಿಸಿ.

ಕನ್ನಡ ಟೈಪಿಂಗಿಗೆ ಹೆದರೋದು ಬ್ಯಾಡ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಒಂದು ವಾರದಲ್ಲಿ ಕೈಗೆ ಬರುತ್ತೆ. ನುಡಿ ಹಾಕ್ಕೊಳ್ಳಿ, ಆದ್ರೆ ಯೂನಿಕೋಡಲ್ಲೇ ಬರೀರಿ. ಹಳೇ ಫಾಂಟಲ್ಲಿ ಬರೆದದ್ದು ಬೇರೆ ಕಡೆ ತೆಗೆದ್ರೆ ಹುಳಹುಳ ಕಾಣುತ್ತೆ.

ಈಗ ನಮ್ಮೋರಿಗೆ ಒಂದು ಮಾತು, ಬೈದ್ರೂ ಪರವಾಗಿಲ್ಲ. ಏಪ್ರಿಲ್ 14ಕ್ಕೆ ನಮ್ಮ ಕಾಲೋನಿಯಲ್ಲಿ ಫ್ಲೆಕ್ಸು, ಡಿಜೆ, ಹೂವಿಗೆ ಎತ್ತಿದ ಚಂದಾ 38 ಸಾವಿರ. ಲೆಕ್ಕ ಬರೆದೋನು ನಾನೇ, ಹಂಗಾಗಿ ತಪ್ಪಲ್ಲಿ ನಂದೂ ಪಾಲೈತೆ. ಹೆಚ್ಚುಕಮ್ಮಿ ಎರಡು ಥಿಂಕ್‌ಪ್ಯಾಡಿನ ದುಡ್ಡು ಅದು. ಫ್ಲೆಕ್ಸಿನಲ್ಲಿ ಬಾಬಾಸಾಹೇಬರ ಪಕ್ಕ ನನ್ನ ಫೋಟೋನೂ ಇತ್ತು, ಅವರ ಕೈಲಿ ಪುಸ್ತಕ, ನನ್ನ ಕೈಲಿ ಫೋನು. ಬರೋ ವರ್ಷ ಡಿಜೆ ದುಡ್ಡಲ್ಲಿ ಅಂಬೇಡ್ಕರ್ ಭವನಕ್ಕೆ ಒಂದು ಮಷೀನು, ಒಂದು ಪ್ರಿಂಟರ್ ಇಡೋಣ ಅಂತ ಹೇಳಿದ್ದೀನಿ. ಹುಡುಗರು ಇನ್ನೂ ಒಪ್ಪಿಲ್ಲ.

ಲ್ಯಾಪ್‌ಟಾಪ್ ಬಂದ ಮೇಲೆ ಸೊಸೆ ಮೊದಲು ಮಾಡಿದ್ದು, ಈ ವರ್ಷದ ಅರ್ಜಿ ತಾನೇ ಹಾಕಿದ್ದು. ಎರಡನೇದು, ಅವರಮ್ಮನ ಉದ್ಯೋಗ ಖಾತ್ರಿ ಹಾಜರಿ ತೆಗೆದು ನೋಡಿದ್ದು. 'ಮಾವ, ಅಮ್ಮ ಹೋಗಿದ್ದು 12 ದಿನ, ಇಲ್ಲಿ 9 ಅಂತ ಐತೆ' ಅಂದ್ಲು. ಪಂಚಾಯ್ತಿಗೆ ಅರ್ಜಿಯನ್ನ ಅವಳೇ ಟೈಪ್ ಮಾಡಿದ್ಲು. ಎರಡು ಕಾಗುಣಿತ ತಪ್ಪಿತ್ತು, ನಾನು ತಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.

ಲ್ಯಾಪ್‌ಟಾಪ್ ಕೊಳ್ಳೋಕೆ ಹೊರಟಿರೋರು ದುಡ್ಡು ಕೊಡೋಕೆ ಮುಂಚೆ ಪ್ರೊಸೆಸರ್ ನಂಬರ್ ಇರೋ ಪರದೆಯ ಫೋಟೋ ತೆಗೆದು ನಂಗೆ ಕಳ್ಸಿ. ರಾಂಪುರ, ಮೊಳಕಾಲ್ಮೂರು, ಚಳ್ಳಕೆರೆ ಕಡೆಯೋರಾದ್ರೆ ಭಾನುವಾರ ಜೊತೆಗೇ ಬರ್ತೀನಿ, ಬಸ್ ಚಾರ್ಜ್ ನೀವೇ ಹಾಕ್ಬೇಕು.

ಜೈ ಭೀಮ್.