ಶೇಷವೆಂದರೆ ಕಸವೇ?

ಮೂವತ್ತೊಂದನ್ನು ನಾಲ್ಕರಿಂದ ಭಾಗಿಸಿ ದಶಮಾಂಶದಲ್ಲಿ ಉತ್ತರ ಬರೆ ಎಂದರೆ ಎಷ್ಟೋ ಮಕ್ಕಳು 7.3 ಎಂದು ಬರೆಯುತ್ತಾರೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ಅಜಾಗರೂಕತೆ’ ಎಂದು ಷರಾ ಬರೆದು ಮುಂದಿನ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಾರೆ. ನನ್ನ ಆಕ್ಷೇಪವಿರುವುದು ಆ ಷರಾದ ಮೇಲೆ. ಏಳು ಸಲ ಹೋಗಿ ಮೂರು ಉಳಿಯಿತು ಎಂಬುದನ್ನು ಆ ಮಗು ಸರಿಯಾಗಿಯೇ ಕಂಡುಕೊಂಡಿದೆ. ಉಳಿದ ಮೂರನ್ನು ಏನು ಮಾಡಬೇಕೆಂದು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಬಿಂದುವಿನ ಆಚೆ ಜಾಗ ಖಾಲಿಯಿತ್ತು, ಅಲ್ಲಿಟ್ಟಿತು.

ಅಷ್ಟೇ ಅಲ್ಲ, ಹಾಗೆ ಇಡುವುದನ್ನು ಮಗು ದಿನವೂ ಟಿ.ವಿ.ಯಲ್ಲಿ ನೋಡುತ್ತಿದೆ. ನಲವತ್ತೈದು ಎಸೆತಗಳಾದರೆ ಪರದೆಯ ಮೇಲೆ 7.3 ಓವರ್ ಎಂದು ಬರುತ್ತದೆ. ನಲವತ್ತೈದನ್ನು ಆರರಿಂದ ಭಾಗಿಸಿದಾಗ ಭಾಗಲಬ್ಧ ಏಳು, ಶೇಷ ಮೂರು. ಅಲ್ಲಿರುವ ಚುಕ್ಕೆ ದಶಮಾಂಶ ಬಿಂದುವಲ್ಲ, ಬರಿಯ ಗಡಿಗೆರೆ. ನಿಜವಾದ ದಶಮಾಂಶದಲ್ಲಿ ಅದು ಏಳೂವರೆ, ಅಂದರೆ 7.5. ಆ ಹೊತ್ತಿಗೆ ಅರವತ್ತು ರನ್ ಆಗಿದ್ದರೆ ಓವರಿಗೆ ಸರಿಯಾಗಿ ಎಂಟು ರನ್. 7.3ರಿಂದ ಭಾಗಿಸಿ ನೋಡಿ, 8.2ರ ಆಸುಪಾಸಿನಲ್ಲಿ ಏನೋ ಒಂದು ಬರುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಆದರೆ ತರಗತಿಯಲ್ಲಿ ಕ್ರಿಕೆಟ್ಟಿನ ಮಾತೆತ್ತಿದರೆ ಶಿಸ್ತು ಕೆಡುತ್ತದೆಯಂತೆ!

ನಮ್ಮ ಶಾಲೆಗಳಲ್ಲಿ ನಡೆಯುವುದೇನು? ಭಾಗಾಕಾರವನ್ನು ಒಂದು ತರಗತಿಯಲ್ಲಿ ಕಲಿಸಿ, ‘ಶೇಷ 3’ ಎಂದು ಬರೆಸಿ ಗಂಟು ಕಟ್ಟಿಡುತ್ತಾರೆ. ಮುಂದೆ ಬೇರೊಂದು ತರಗತಿಯಲ್ಲಿ, ಬೇರೊಬ್ಬ ಮೇಷ್ಟ್ರು, ದಶಮಾಂಶವೆಂಬುದು ಹೊಸದೇ ಒಂದು ಪ್ರಾಣಿಯೆಂಬಂತೆ ತಂದು ನಿಲ್ಲಿಸುತ್ತಾರೆ. “ಶೇಷ ಬಂತೇ? ಬಿಂದು ಇಡು, ಸೊನ್ನೆ ಇಳಿಸು” ಎಂಬ ಮಂತ್ರೋಪದೇಶವಾಗುತ್ತದೆ. ಆ ಸೊನ್ನೆ ಎಲ್ಲಿಂದ ಇಳಿಯಿತು, ಮೂರು ಹೇಗೆ ಮೂವತ್ತಾಯಿತು ಎಂದು ಕೇಳಿದ ಹುಡುಗ ಅಧಿಕಪ್ರಸಂಗಿ ಎನಿಸಿಕೊಳ್ಳುತ್ತಾನೆ.

ಮೂರು ಮೂವತ್ತಾಗುವುದು ಚಿಲ್ಲರೆ ಮಾಡಿಸಿದಾಗ. ನನ್ನ ತರಗತಿಯಲ್ಲಿ ಕುಳಿತವರಿಗೆ ಅಂಚು ಅಲೆಅಲೆಯಾಗಿದ್ದ ಆ ಹಗುರವಾದ ಹತ್ತು ಪೈಸೆಯ ನಾಣ್ಯಗಳು ನೆನಪಿರಬೇಕು. ಮೂವತ್ತೊಂದು ರೂಪಾಯಿಯನ್ನು ನಾಲ್ವರಿಗೆ ಹಂಚಿದರೆ ತಲಾ ಏಳು. ಉಳಿದ ಮೂರು ರೂಪಾಯಿಗೆ ಮೂವತ್ತು ಹತ್ತು ಪೈಸೆಗಳು. ತಲಾ ಏಳು ಕೊಟ್ಟರೆ ಎರಡು ಉಳಿಯುತ್ತವೆ. ಅವಕ್ಕೆ ಇಪ್ಪತ್ತು ಒಂದು ಪೈಸೆಗಳು, ತಲಾ ಐದು. 7.75, ಶೇಷವಿಲ್ಲ. ಬಿಂದು ಇಡುವುದು ನಾಣ್ಯ ಬದಲಾದ ಜಾಗದಲ್ಲಿ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದದ್ದರಿಂದ ಮೇಷ್ಟ್ರುಗಳಿಗೆ ಸಿಕ್ಕ ದೊಡ್ಡ ಉಡುಗೊರೆಯಿದು. ಹದಿನಾರಾಣೆಯ ರೂಪಾಯಿಯಲ್ಲಿ ಹೀಗೆ ತೋರಿಸುವಂತಿರಲಿಲ್ಲ. ಈಗ ಆ ನಾಣ್ಯಗಳಿಲ್ಲ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವೆಲ್ಲ ಚಲಾವಣೆಯಿಂದ ಹೋದವು. ಹೋಗಲಿ, ತೂಕದ ಕಲ್ಲುಗಳಿವೆಯಲ್ಲ! ಮೂರು ಕಿಲೋ ಅಕ್ಕಿಗೆ ನೂರು ಗ್ರಾಮಿನ ಮೂವತ್ತು ಪಾಲು. ಲೆಕ್ಕ ಅದೇ.

ಇನ್ನು ಒಂದೇ ಸಾಲಿನಲ್ಲಿ ಮಾಡುವ ಚಿಕ್ಕ ಭಾಗಾಕಾರ. ಶೇಷವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಮುಂದಿನ ಅಂಕಿಯ ತಲೆಯ ಬಳಿ ಪುಟ್ಟದಾಗಿ ಬರೆದುಕೊಂಡು ಸಾಗುವ ಕ್ರಮ. ಲ.ಸಾ.ಅ. ತೆಗೆಯುವಾಗ ಎಲ್ಲ ಮಕ್ಕಳೂ ಮಾಡುವುದು ಇದನ್ನೇ. ಭಾಗಾಕಾರದ ಪಾಠದಲ್ಲಿ ಮಾತ್ರ ಅದು ನಿಷಿದ್ಧ. “ಹಂತಗಳು ಕಾಣುವುದಿಲ್ಲ, ಅಂಕ ಕೊಡುವುದು ಹೇಗೆ?” ಎಂದು ತರಬೇತಿ ಶಿಬಿರವೊಂದರಲ್ಲಿ ಒಬ್ಬರು ನನ್ನನ್ನು ಕೇಳಿದರು. ಅಂಕ ಕೊಡುವವರ ಅನುಕೂಲಕ್ಕಾಗಿ ಮಗು ಆರರಿಂದ ಭಾಗಿಸಲು ಅರ್ಧ ಪುಟ ತುಂಬಿಸಬೇಕು! ಎರಡಂಕಿಯ ಭಾಜಕಕ್ಕೆ ದೀರ್ಘ ಭಾಗಾಕಾರ ಇರಲಿ, ನನ್ನ ತಕರಾರಿಲ್ಲ. ಒಂದಂಕಿಗೆ ಏಕೆ? ಚಿಕ್ಕ ಕ್ರಮದಲ್ಲಿ ಪ್ರತಿ ಅಂಕಿಯ ನೇರಕ್ಕೆ ಉತ್ತರದ ಒಂದು ಅಂಕಿ ಕೂರಲೇಬೇಕು. ಹಾಗೆ ಕೂರಿಸುವ ಅಭ್ಯಾಸವಾದ ಮಗು 6.12ನ್ನು ಆರರಿಂದ ಭಾಗಿಸಿ 1.2 ಎಂದು ಬರೆಯುವುದಿಲ್ಲ. ಒಂದರಲ್ಲಿ ಆರು ಹೋಗದು, ಆ ಜಾಗಕ್ಕೆ ಸೊನ್ನೆ, ಉಳಿದ ಒಂದು ಪಕ್ಕದ ಎರಡರೊಡನೆ ಸೇರಿ ಹನ್ನೆರಡು; ಉತ್ತರ 1.02. ಕಿಲೋ ಲೆಕ್ಕದಲ್ಲಿ ಈ ಎರಡು ಉತ್ತರಗಳ ನಡುವೆ 180 ಗ್ರಾಮಿನ ಅಂತರವಿದೆ.

ಕ್ಯಾಲ್ಕುಲೇಟರ್ ಇರುವಾಗ ಇದೆಲ್ಲ ಏಕೆ ಎನ್ನುವವರಿಗೆ ನನ್ನ ಉತ್ತರ ಬೇರೆ. ಭಾಗಿಸುವುದನ್ನು ಯಂತ್ರ ಮಾಡಲಿ. ಎಲ್ಲಿ ನಿಲ್ಲಿಸಬೇಕೆಂದು ಅದು ಹೇಳುತ್ತದೆಯೇ? ನಾಲ್ವರು ಕೂರುವ ಜೀಪಿನಲ್ಲಿ ಮೂವತ್ತೊಂದು ಜನರನ್ನು ಕರೆದೊಯ್ಯಲು ಎಂಟು ಜೀಪು ಬೇಕು. ಮೂವತ್ತೊಂದು ಅಡಿ ಹಗ್ಗದಲ್ಲಿ ನಾಲ್ಕಡಿಯ ತುಂಡುಗಳು ಏಳೇ. 7.75 ಎಂಬುದು ಎರಡಕ್ಕೂ ಸಲ್ಲದು. ಕೆಲವು ಕಡೆ ಭಾಗಲಬ್ಧವನ್ನೇ ಎಸೆದು ಶೇಷವನ್ನು ಇಟ್ಟುಕೊಳ್ಳಬೇಕಾಗುತ್ತದೆ. ಸಂವತ್ಸರ ಕಂಡುಹಿಡಿಯುವ ಹಳೆಯ ಲೆಕ್ಕ ನಮ್ಮ ಮನೆಯ ಹಿರಿಯರಿಗೆಲ್ಲ ಬಾಯಿಪಾಠವಾಗಿತ್ತು: ಶಕ ವರ್ಷಕ್ಕೆ ಹನ್ನೆರಡು ಕೂಡಿಸಿ ಅರವತ್ತರಿಂದ ಭಾಗಿಸು. 2025ರ ಯುಗಾದಿಗೆ ಆರಂಭವಾದದ್ದು ಶಕ 1947. ಹನ್ನೆರಡು ಕೂಡಿದರೆ 1959; ಅರವತ್ತರಿಂದ ಭಾಗಿಸಿದರೆ ಭಾಗಲಬ್ಧ 32, ಶೇಷ 39. ಪ್ರಭವದಿಂದ ಎಣಿಸಿದರೆ ಮೂವತ್ತೊಂಬತ್ತನೆಯದು ವಿಶ್ವಾವಸು. (ಶೇಷ ಸೊನ್ನೆಯಾದರೆ ಅರವತ್ತನೆಯ ಅಕ್ಷಯ.) ಮೂವತ್ತೆರಡರಿಂದ ನಮಗೇನೂ ಆಗಬೇಕಾಗಿಲ್ಲ. ಯಂತ್ರವಾದರೋ 32.65 ಎಂದು ಹೇಳಿ ಸುಮ್ಮನಾಗುತ್ತದೆ. ಅದರಿಂದ ಯಾವ ಸಂವತ್ಸರವನ್ನು ಓದುತ್ತೀರಿ? ವಾರ ಲೆಕ್ಕ ಹಾಕುವಾಗಲೂ ಹೀಗೆಯೇ. ಮೂವತ್ತೊಂದು ದಿನದ ತಿಂಗಳು ಸೋಮವಾರ ಹುಟ್ಟಿದರೆ ಮುಂದಿನದು ಗುರುವಾರ ಹುಟ್ಟುತ್ತದೆ, ಏಕೆಂದರೆ ಏಳರಿಂದ ಭಾಗಿಸಿದಾಗ ಉಳಿಯುವುದು ಮೂರು.

ಒಂದು ಎಕರೆಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಿ ನೋಡಿ. ನಲವತ್ತು ಗುಂಟೆ, ತಲಾ ಹದಿಮೂರು, ಶೇಷ ಒಂದು. ದಶಮಾಂಶದ ಹಾದಿ ಹಿಡಿದರೆ 13.333 ಎಂದು ಮೂರುಗಳ ಸಾಲು ಮುಗಿಯುವುದೇ ಇಲ್ಲ. ಆದರೆ ಒಂದು ಗುಂಟೆಗೆ 1089 ಚದರಡಿ. ಮೂರರಿಂದ ಭಾಗಿಸಿದರೆ ಸರಿಯಾಗಿ 363. ಶೇಷವನ್ನು ಯಾವ ಚಿಲ್ಲರೆಗೆ ಬದಲಿಸಬೇಕೆಂದು ತಿಳಿದವನಿಗೆ ಜಗಳವೇ ಉಳಿಯುವುದಿಲ್ಲ.

“ಎರಡು ಅಂಕದ ಪ್ರಶ್ನೆಗೆ ಇಷ್ಟು ರಾದ್ಧಾಂತವೇ, ಸಾರ್?” ಎಂದು ಈಗ ಮೇಷ್ಟ್ರಾಗಿರುವ ನನ್ನ ಶಿಷ್ಯರೇ ಕೇಳುತ್ತಾರೆ. ಅವರಿಗೆ ನಾನು ತೋರಿಸುವುದು ಪಹಣಿಯನ್ನು. ಅದರಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. 7.3ರ ಹಾಗೆ ಅದೂ ಗಡಿಗೆರೆಯ ಚುಕ್ಕೆ. ಅದನ್ನು ದಶಮಾಂಶವೆಂದು ಓದಿ, ಎಕರೆಯ ದರದಿಂದ 2.2 ಎಂದು ಗುಣಿಸಿದವನು ಹನ್ನೆರಡು ಗುಂಟೆ ಕಳೆದುಕೊಳ್ಳುತ್ತಾನೆ. ಎಕರೆಗೆ ನಲವತ್ತು ಲಕ್ಷದ ದರವಿದ್ದರೆ ಆ ಹನ್ನೆರಡು ಗುಂಟೆಗೆ ಹನ್ನೆರಡು ಲಕ್ಷ ರೂಪಾಯಿ.